ಪ್ರಾಕ್ಸಿಮಿಟಿ, ಅಪ್ರೋಚ್, ಅಡ್ಜಸೆಂಟ್: ಲ್ಯಾಟಿನ್ನಿನ ‘ಹತ್ತಿರ’ವನ್ನು ಇಂಗ್ಲಿಷಿನಲ್ಲಿ ಗುರುತಿಸುವ ಬಗೆ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಪ್ರಾಕ್ಸಿಮಿಟಿ, ವಿಸಿನಿಟಿ, ಅಡ್ಜಸೆಂಟ್, ಕಂಟಿಗ್ಯುಅಸ್ ಇವೆಲ್ಲಕ್ಕೂ ನಿಘಂಟಿನಲ್ಲಿ ಹತ್ತಿರ, ಪಕ್ಕ, ಸಮೀಪ ಎಂದೇ ಅರ್ಥ ಕೊಟ್ಟಿರುತ್ತಾರೆ. ಹಾಗಾದರೆ ಯಾವುದನ್ನು ಎಲ್ಲಿ ಬಳಸಬೇಕು?’ ಕಾನೂನು ಓದುವವರು, ವೈದ್ಯಕೀಯ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು, ಅನುವಾದಕರು, ಎಲ್ಲರಿಗೂ ಇದೇ ತೊಡಕು.

ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಈ ತೊಡಕು ಬಿಡುವುದಿಲ್ಲ. ಲ್ಯಾಟಿನ್ ಭಾಷೆ ಹತ್ತಿರವನ್ನು ಹಲವು ಬಗೆಯಲ್ಲಿ ಕಂಡಿತ್ತು: ಸಾಲಿನಲ್ಲಿ ತೀರಾ ಮುಂದಿನದು, ಪಕ್ಕದಲ್ಲಿ ಬಿದ್ದುಕೊಂಡಿರುವುದು, ಮೈಗೆ ಮೈ ತಾಗಿದ್ದು, ಒಂದೇ ನೊಗಕ್ಕೆ ಕಟ್ಟಿದ್ದು, ಒಂದೇ ಕೇರಿಯದು, ಗಡಿ ಕೂಡಿದ್ದು. ಪದ ಯಾವ ಬಗೆಯ ಹತ್ತಿರದಿಂದ ಹುಟ್ಟಿತೋ ಇಂದಿನ ಬಳಕೆಯೂ ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತದೆ. ಆ ಮೂಲವನ್ನು ಹಿಡಿಯುವುದು ಹೇಗೆಂದು ಇಲ್ಲಿ ಹಂತ ಹಂತವಾಗಿ ನೋಡೋಣ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಮತ್ತು ಪದದ ಮೂಲವನ್ನೂ ಕೊಡುವ ಇಂಗ್ಲಿಷ್ ನಿಘಂಟು. ಲ್ಯಾಟಿನ್ ಕಲಿತಿರಬೇಕಿಲ್ಲ. ಹೈಸ್ಕೂಲಿನಲ್ಲಿ ಓದಿದ ಸಂಧಿ ಪ್ರಕರಣ ಸ್ವಲ್ಪ ನೆನಪಿದ್ದರೆ ಕೆಲಸ ಅರ್ಧ ಹಗುರ. ಧಾತು ಎಂದರೆ ಪದದ ಬೇರು, ಉಪಸರ್ಗ ಎಂದರೆ ಬೇರಿನ ಮುಂದೆ ಸೇರುವ ತುಣುಕು. ಇವೆರಡು ಪಾರಿಭಾಷಿಕ ಪದಗಳು ಮುಂದೆ ಆಗಾಗ ಬರುತ್ತವೆ.

1. ಮೊದಲು ಉಚ್ಚಾರ ಸರಿಮಾಡಿಕೊಳ್ಳಿ

ಹಳೆಯ ಲ್ಯಾಟಿನ್ನಿನಲ್ಲಿ ಇಂದಿನ ‘ಜೆ’ ಅಕ್ಷರ ಇರಲಿಲ್ಲ. ಆ ಜಾಗದಲ್ಲಿ ಇದ್ದದ್ದು ‘ಐ’ ಅಕ್ಷರ, ಅದರ ಧ್ವನಿ ‘ಯ’. ‘ಸಿ’ ಅಕ್ಷರಕ್ಕೆ ಯಾವಾಗಲೂ ‘ಕ’ ಧ್ವನಿ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ‘ಯ’ ಹೋಗಿ ‘ಜ’ ಆಯಿತು. ಎ, ಇ ಸ್ವರಗಳ ಹಿಂದಿನ ‘ಕ’ ಹೋಗಿ ‘ಸ’ ಆಯಿತು. ಲ್ಯಾಟಿನ್ನಿನ ‘ವೀಕೀನುಸ್’ ಇಂಗ್ಲಿಷಿನಲ್ಲಿ ‘ವಿಸಿನಿಟಿ’ ಎಂದು ಕೇಳಿಸುವುದು ಇದೇ ಕಾರಣಕ್ಕೆ.

ಕನ್ನಡದವರಿಗೆ ಇದರಿಂದ ದೊಡ್ಡ ಲಾಭವಿದೆ. ‘ಯುಂಗೆರೆ’ ಎಂದರೆ ಲ್ಯಾಟಿನ್ನಿನಲ್ಲಿ ಜೋಡಿಸು, ‘ಯುಗುಮ್’ ಎಂದರೆ ನೊಗ. ಸಂಸ್ಕೃತದ ‘ಯುಜ್’ ಧಾತು, ‘ಯೋಗ’, ‘ಯುಗ್ಮ’ ಪದಗಳಿಗೆ ಇವು ನೇರ ಬಂಧುಗಳು. ‘ಜಾಯಿನ್’ ಎಂಬ ಇಂಗ್ಲಿಷ್ ಪದದಲ್ಲಿ ಜ ಇರುವಲ್ಲಿ ಯ ಇಟ್ಟು ನೋಡಿದರೆ ನಂಟು ತಾನಾಗಿಯೇ ಕಾಣುತ್ತದೆ.

ಎಚ್ಚರಿಕೆ: ಕನ್ನಡ ಲಿಪಿಯಲ್ಲಿ ಒಂದೇ ಥರ ಕಾಣುವ ಎರಡು ಇಂಗ್ಲಿಷ್ ಪದಗಳ ಕಾಗುಣಿತ ಬೇರೆ ಬೇರೆ ಇರಬಹುದು. ಮೂಲ ಹುಡುಕುವಾಗ ಇಂಗ್ಲಿಷ್ ಕಾಗುಣಿತವನ್ನೇ ಎದುರಿಗಿಟ್ಟುಕೊಳ್ಳಿ.

2. ‘ಪ್ರೊಪೆ’ಯ ತರ-ತಮ ಕಲಿಯಿರಿ

ಎಲ್ಲಕ್ಕಿಂತ ದೊಡ್ಡ ಮನೆತನ ಇದು. ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ.

‘ಪ್ರೊಪೆ’ ಎಂದರೆ ಹತ್ತಿರ. ‘ಪ್ರೊಪಿಯೊರ್’ ಎಂದರೆ ಇನ್ನೂ ಹತ್ತಿರದ್ದು. ‘ಪ್ರೊಕ್ಸಿಮುಸ್’ ಎಂದರೆ ಎಲ್ಲಕ್ಕಿಂತ ಹತ್ತಿರದ್ದು, ಅಂದರೆ ಮುಂದಿನದು. ಸಂಸ್ಕೃತದಲ್ಲಿ ಪ್ರಿಯ, ಪ್ರಿಯತರ, ಪ್ರಿಯತಮ ಇದ್ದ ಹಾಗೆ. ‘ಪ’ ಇದ್ದ ಕಡೆ ಒಮ್ಮೆಲೇ ‘ಕ್ಸ’ ಹೇಗೆ ಬಂತು ಎಂದು ಅನೇಕರು ಕೇಳುತ್ತಾರೆ. ಪ್ರೊಪೆಯ ಎರಡನೆಯ ‘ಪ’ ಇನ್ನೂ ಹಿಂದೆ ‘ಕ್ವ’ದಂಥ ಧ್ವನಿಯಾಗಿತ್ತು, ಮೊದಲ ಪಕಾರದ ಪ್ರಭಾವದಿಂದ ಅದೂ ‘ಪ’ ಆಯಿತು, ಪ್ರೊಕ್ಸಿಮುಸ್‌ನಲ್ಲಿ ಮಾತ್ರ ಹಳೆಯ ಕಕಾರ ಉಳಿಯಿತು ಎಂಬುದು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆ.

ಇಂಗ್ಲಿಷಿನ ಸ್ವಂತ ಪದಗಳಲ್ಲೂ ಇದೇ ಮೂರು ಮೆಟ್ಟಿಲುಗಳಿವೆ, ಗಮನಿಸಿದವರು ಕಡಿಮೆ. ‘ನೈ’ ಎಂಬುದು ಹತ್ತಿರ, ‘ನಿಯರ್’ ಅದರ ತರ-ರೂಪ, ‘ನೆಕ್ಸ್ಟ್’ ಅದರ ತಮ-ರೂಪ. ಕಾಲಕ್ರಮದಲ್ಲಿ ‘ನೈ’ ಬಳಕೆ ತಪ್ಪುತ್ತಾ ಬಂತು, ‘ನಿಯರ್’ ಮೂಲ ರೂಪದ ಜಾಗ ಹಿಡಿಯಿತು, ಅದಕ್ಕೆ ಮತ್ತೊಮ್ಮೆ ಪ್ರತ್ಯಯ ಸೇರಿ ‘ನಿಯರರ್’ ಹುಟ್ಟಿತು. ‘ನೇಬರ್’ ಪದದ ಮೊದಲ ಭಾಗವೂ ಈ ‘ನೈ’: ಹತ್ತಿರ ವಾಸಿಸುವವನು. ಇವೆಲ್ಲ ಜರ್ಮಾನಿಕ್ ಮೂಲದವು. ಲ್ಯಾಟಿನ್ ಪಟ್ಟಿಗೆ ಸೇರಿಸಬೇಡಿ, ಆದರೆ ಪ್ರೊಪೆ, ಪ್ರೊಪಿಯೊರ್, ಪ್ರೊಕ್ಸಿಮುಸ್ ಎದುರಿಗೆ ಒಂದೊಂದಾಗಿ ಬರೆದಿಡಿ. ಪ್ರೊಕ್ಸಿಮುಸ್ ಕುಲದ ಪದಗಳಲ್ಲಿ ‘ನೆಕ್ಸ್ಟ್’ನ ಅರ್ಥ ಏಕೆ ಇಣುಕುತ್ತದೆ ಎಂಬುದಕ್ಕೆ ಉತ್ತರ ಅಲ್ಲೇ ಇರುತ್ತದೆ.

ಈಗ ಮೂರು ಗೂಡು ಮಾಡಿ ಮಕ್ಕಳನ್ನು ಹಂಚಿ.

ಪ್ರೊಪೆಯ ಗೂಡಿಗೆ ‘ಪ್ರೊಪಿಂಕ್ವಿಟಿ’. ಲ್ಯಾಟಿನ್ ‘ಪ್ರೊಪಿಂಕ್ವುಸ್’ಗೆ ಹತ್ತಿರದವನು ಎಂಬ ಅರ್ಥದ ಜೊತೆಗೆ ನೆಂಟ ಎಂಬ ಅರ್ಥವೂ ಇತ್ತು. ಹಾಗಾಗಿ ಈ ಇಂಗ್ಲಿಷ್ ಪದ ಜಾಗದ ಹತ್ತಿರಕ್ಕೂ ಸಲ್ಲುತ್ತದೆ, ರಕ್ತಸಂಬಂಧಕ್ಕೂ ಸಲ್ಲುತ್ತದೆ.

ಪ್ರೊಪಿಯೊರ್ ಗೂಡಿಗೆ ‘ಅಪ್ರೋಚ್’. ಪ್ರೊಪಿಯೊರ್‌ನ ಕ್ರಿಯಾವಿಶೇಷಣ ‘ಪ್ರೊಪಿಯುಸ್’, ಅಂದರೆ ‘ಇನ್ನಷ್ಟು ಹತ್ತಿರಕ್ಕೆ’. ಅದರಿಂದ ಕೊನೆಯ ಕಾಲದ ಲ್ಯಾಟಿನ್ನಿನಲ್ಲಿ ‘ಅಪ್ಪ್ರೊಪಿಯಾರೆ’ ಎಂಬ ಕ್ರಿಯಾಪದವಾಯಿತು. ಹಳೆಯ ಫ್ರೆಂಚಿನಲ್ಲಿ ಅದರ ನಡುವಿನ ‘ಪಿಯ’ ಸವೆದು ‘ಚ’ ಆಗಿ ಅಪ್ರೋಚ್ ಉಳಿಯಿತು. ಹತ್ತಿರ ಇರುವುದಕ್ಕಿಂತ ಹತ್ತಿರ ಹತ್ತಿರ ಬರುವುದು ಈ ಪದದ ಜೀವಾಳ. ಮುನಿಸಿಕೊಂಡ ಎರಡು ದೇಶಗಳು ಮತ್ತೆ ಹತ್ತಿರವಾಗುವುದಕ್ಕೆ ಪತ್ರಿಕೆಗಳು ಬಳಸುವ ‘ರಾಪ್ರೋಶ್‌ಮಾಂ’ ಇದರ ಫ್ರೆಂಚ್ ಒಡಹುಟ್ಟು.

ಪ್ರೊಕ್ಸಿಮುಸ್ ಗೂಡು ತುಂಬಿದೆ: ಪ್ರಾಕ್ಸಿಮಿಟಿ, ಪ್ರಾಕ್ಸಿಮೇಟ್, ಅಪ್ರಾಕ್ಸಿಮೇಟ್, ಪ್ರಾಕ್ಸಿಮಲ್. ಹಳೆಯ ಕಚೇರಿ ಪತ್ರಗಳಲ್ಲಿ ತಾರೀಕಿನ ಪಕ್ಕ ‘ಅಲ್ಟಿಮೊ’, ‘ಇನ್‌ಸ್ಟಂಟ್’, ‘ಪ್ರಾಕ್ಸಿಮೊ’ ಎಂದೋ ಅವುಗಳ ಮೊದಲ ಮೂರು ನಾಲ್ಕು ಅಕ್ಷರಗಳೋ ಕಂಡರೆ ಕ್ರಮವಾಗಿ ಹೋದ ತಿಂಗಳು, ಈ ತಿಂಗಳು, ಬರುವ ತಿಂಗಳು ಎಂದು ಓದಿಕೊಳ್ಳಿ. ಹಳೇ ಕಡತ ಅನುವಾದಿಸುವವರು ‘10ನೇ ಇನ್‌ಸ್ಟಂಟ್’ ಎಂಬುದನ್ನು ‘ತಕ್ಷಣ’ ಎಂದು ಮಾಡಿದರೆ ಪತ್ರದ ತಾರೀಕೇ ಮಾಯವಾಗುತ್ತದೆ.

ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರದ ಹೆಸರು ‘ಪ್ರಾಕ್ಸಿಮಾ ಸೆಂಟಾರಿ’. ಜೋಹಾನ್ಸ್‌ಬರ್ಗ್‌ನ ವೀಕ್ಷಣಾಲಯದಲ್ಲಿ 1915ರಲ್ಲಿ ರಾಬರ್ಟ್ ಇನ್ನೆಸ್ ಇದನ್ನು ಕಂಡುಹಿಡಿದರು. ಇರುವುದು ಸುಮಾರು 4.24 ಜ್ಯೋತಿರ್ವರ್ಷ ದೂರದಲ್ಲಿ. ನಕ್ಷತ್ರಕ್ಕೆ ಲ್ಯಾಟಿನ್ನಿನಲ್ಲಿ ‘ಸ್ತೆಲ್ಲಾ’ ಎನ್ನುತ್ತಾರೆ, ಅದು ಸ್ತ್ರೀಲಿಂಗ. ಆದ್ದರಿಂದ ಪ್ರೊಕ್ಸಿಮುಸ್ ಇಲ್ಲಿ ‘ಪ್ರೊಕ್ಸಿಮಾ’.

3. ‘ಅದ್’ ಉಪಸರ್ಗವನ್ನು ವೇಷ ಮರೆಸಿದ್ದರೂ ಗುರುತಿಸಿ

‘ಅದ್’ ಎಂದರೆ ಕಡೆಗೆ, ಹತ್ತಿರಕ್ಕೆ, ಬಳಿ. ಈ ತುಣುಕಿನ ಕೊನೆಯ ವ್ಯಂಜನ ಮುಂದಿನ ವ್ಯಂಜನದ ರೂಪ ತಾಳುತ್ತದೆ. ‘ಸತ್’ಗೆ ‘ಜನ’ ಸೇರಿ ‘ಸಜ್ಜನ’, ‘ಉತ್’ಗೆ ‘ಲೇಖ’ ಸೇರಿ ‘ಉಲ್ಲೇಖ’ ಆಗುವುದನ್ನು ಶಾಲೆಯಲ್ಲಿ ಓದಿದ್ದೀರಿ. ಇದೂ ಹಾಗೆಯೇ. ಪಕಾರದ ಮುಂದೆ ‘ಅಪ್’, ಸಕಾರದ ಮುಂದೆ ‘ಅಸ್’, ಫಕಾರದ ಮುಂದೆ ‘ಅಫ್’, ಕಕಾರದ ಮುಂದೆ ‘ಅಕ್’. ಇಂಗ್ಲಿಷ್ ಪದದ ಮೊದಲಲ್ಲಿ ‘ಎ’ ಅಕ್ಷರದ ಬೆನ್ನಿಗೇ ಒಂದೇ ವ್ಯಂಜನ ಎರಡು ಸಲ ಬರೆದಿದ್ದರೆ ಮೊದಲು ‘ಅದ್’ ಮೇಲೆ ಅನುಮಾನ ಪಡಿ, ಆಮೇಲೆ ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಿ.

‘ಅಪ್ರಾಕ್ಸಿಮೇಟ್’ ಅನ್ನು ಬಿಡಿಸಿ ನೋಡಿ: ಅದ್ + ಪ್ರೊಕ್ಸಿಮುಸ್ + ಕ್ರಿಯಾಪ್ರತ್ಯಯ. ಅತಿ ಹತ್ತಿರಕ್ಕೆ ಬರು ಎಂದರ್ಥ. ಹತ್ತಿರ ಬಂದದ್ದು ಆ ಜಾಗದಲ್ಲೇ ಇಲ್ಲ ಎಂಬುದೂ ಅದರೊಳಗೇ ಇದೆ. ಲೆಕ್ಕದಲ್ಲಿ ‘ಅಂದಾಜು’ ಎಂಬ ಅರ್ಥ ಬಂದದ್ದು ಹೀಗೆ.

ಇದೇ ಬೀಗದ ಕೈಯಿಂದ ತೆರೆಯುವ ಇನ್ನೊಂದು ಗುಂಪಿದೆ, ಮೇಲುನೋಟಕ್ಕೆ ಅದರಲ್ಲಿ ಹತ್ತಿರದ ಸುಳಿವೇ ಇಲ್ಲ. ‘ಸೆದೇರೆ’ ಎಂದರೆ ಕೂರು. ಅದ್ ಸೇರಿ ‘ಅಸ್ಸಿದೇರೆ’, ಪಕ್ಕದಲ್ಲಿ ಕೂರು. ನ್ಯಾಯಾಧೀಶನ ಪಕ್ಕ ಕೂತು ನೆರವಾಗುತ್ತಿದ್ದವನು ‘ಅಸೆಸರ್’. ಅವನ ಕೆಲಸದಿಂದ ತೆರಿಗೆ ನಿಗದಿಮಾಡುವ ‘ಅಸೆಸ್‌ಮೆಂಟ್’ ಬಂತು. ಬಿಡದೆ ಪಕ್ಕದಲ್ಲೇ ಕೂತು ದುಡಿಯುವ ಗುಣಕ್ಕೆ ‘ಅಸಿಡ್ಯುಅಸ್’ ಎಂದಾಯಿತು. ಸೆದೇರೆ ನಮ್ಮ ‘ಸದ್’ ಧಾತುವಿನ ಬಂಧು. ಉಪ, ನಿ ಎಂಬ ಉಪಸರ್ಗಗಳ ಜೊತೆ ‘ಸದ್’ ಸೇರಿ ‘ಉಪನಿಷತ್’ ಆಗಿದೆ. ಗುರುವಿನ ಬಳಿ ಕೂರುವ ಪದಕ್ಕೂ ಆದಾಯ ತೆರಿಗೆಯ ಅಸೆಸ್‌ಮೆಂಟಿಗೂ ಬೇರು ಒಂದೇ ಎಂಬುದು ನಿಜಕ್ಕೂ ಬೆರಗಿನ ಸಂಗತಿ. ‘ಅಸಿಸ್ಟ್’ನಲ್ಲಿ ಇರುವುದು ಪಕ್ಕದಲ್ಲಿ ನಿಲ್ಲುವುದು. ಪಕ್ಕೆಲುಬಿಗೆ ‘ಕೊಸ್ತಾ’ ಎನ್ನುತ್ತಿದ್ದರು; ಪಕ್ಕೆಗೆ ಪಕ್ಕೆ ತಾಗುವಂತೆ ಬಂದು ಮಾತಿಗೆಳೆಯುವುದು ‘ಅಕಾಸ್ಟ್’.

‘ಸಬರ್ಬ್’ನ ‘ಸುಬ್’ ಉಪಸರ್ಗವನ್ನೂ ಇಲ್ಲೇ ಬರೆದುಕೊಳ್ಳಿ. ಸುಬ್ ಎಂದರೆ ಕೆಳಗೆ, ಬುಡದಲ್ಲಿ, ಸಮೀಪದಲ್ಲಿ. ‘ಉರ್ಬ್ಸ್’ ಎಂದರೆ ನಗರ. ‘ಉಪನಗರ’ದ ‘ಉಪ’ ಮತ್ತು ಈ ‘ಸುಬ್’ ಒಂದೇ ಮೂಲದವು.

4. ತಾಗುತ್ತದೆಯೇ ಇಲ್ಲವೇ ಎಂದು ಕೇಳಿ

ಆಸ್ತಿ ಪತ್ರ, ನಕ್ಷೆ, ಟೆಂಡರ್ ಓದುವವರು ಎಡವುವುದು ಈ ಹಂತದಲ್ಲಿ.

‘ಅಡ್ಜಸೆಂಟ್’ನ ಬೇರು ‘ಯಕೇರೆ’, ಬಿದ್ದುಕೊಂಡಿರು. ಅದ್ + ಯಕೇರೆ: ಪಕ್ಕದಲ್ಲಿ ಬಿದ್ದುಕೊಂಡಿರು. ಪಕ್ಕದಲ್ಲಿ ಇರುವುದಕ್ಕೆ ತಾಗಲೇಬೇಕು ಎಂಬ ನಿಯಮವಿಲ್ಲ. ನಡುವೆ ಒಂದು ಓಣಿ ಇದ್ದರೂ ಎರಡು ಕಟ್ಟಡಗಳು ಅಡ್ಜಸೆಂಟ್ ಆಗಬಹುದು.

‘ಅಡ್ಜಾಯಿನಿಂಗ್’ ಬಂದದ್ದು ಯುಂಗೆರೆಯಿಂದ. ಇಲ್ಲಿ ಜೋಡಣೆ ಇದೆ: ಗೋಡೆಯೋ ಗಡಿಯೋ ಕೂಡಿರಬೇಕು.

‘ಕಂಟಿಗ್ಯುಅಸ್’ನ ಬೇರು ‘ತಂಗೆರೆ’, ಮುಟ್ಟು. ಜೊತೆಗೆ ಎಂಬ ಅರ್ಥದ ‘ಕೊನ್’ ಸೇರಿದಾಗ ತಂಗೆರೆ ‘ತಿಂಗೆರೆ’ ಆಗುತ್ತದೆ, ಅದರಿಂದ ‘ಕೊಂತಿಗುವುಸ್’. ‘ಕಾಂಟ್ಯಾಕ್ಟ್’, ಮುಟ್ಟಿದರೆ ಹರಡುವ ‘ಕಂಟೇಜನ್’ ಇದೇ ಮನೆಯವು. ಆದ್ದರಿಂದ ಸರ್ವೆ ನಂಬರುಗಳು ಕಂಟಿಗ್ಯುಅಸ್ ಎಂದು ಬರೆದಿದ್ದರೆ ಚಕ್ಕುಬಂದಿಯಲ್ಲಿ ಒಂದರ ಗಡಿಯಾಗಿ ಇನ್ನೊಂದು ಕಾಣಿಸಬೇಕು. ನಡುವೆ ಬೇರೊಬ್ಬರ ಜಮೀನು ಬಂದಿದ್ದರೆ ಆ ಪದ ಅಲ್ಲಿ ಸಲ್ಲದು. ಅನುವಾದದಲ್ಲಿ ಎರಡನ್ನೂ ‘ಪಕ್ಕದ’ ಎಂದು ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಕಂಟಿಗ್ಯುಅಸ್‌ಗೆ ‘ಹೊಂದಿಕೊಂಡಿರುವ’, ಅಡ್ಜಸೆಂಟ್‌ಗೆ ‘ಪಕ್ಕದ’ ಎಂದು ಗೊತ್ತುಮಾಡಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸುವುದು ಒಳ್ಳೆಯದು.

ಒಂದು ಅಪವಾದ: ರೇಖಾಗಣಿತದ ‘ಅಡ್ಜಸೆಂಟ್ ಆಂಗಲ್ಸ್’ ಎಂಬ ಪಾರ್ಶ್ವಕೋನಗಳಿಗೆ ಒಂದೇ ಶೃಂಗ, ಒಂದು ಸಾಮಾನ್ಯ ಬಾಹು ಇರಲೇಬೇಕು. ಗಣಿತ ತನ್ನ ವ್ಯಾಖ್ಯೆಯನ್ನು ತಾನೇ ಕೊಟ್ಟುಕೊಳ್ಳುತ್ತದೆ. ಕಾನೂನಿನ ಕರಡಿನಲ್ಲೂ ಮೊದಲ ಪುಟಗಳಲ್ಲಿ ವ್ಯಾಖ್ಯೆ ಕೊಟ್ಟಿದ್ದರೆ ಮೂಲಾರ್ಥ ಬದಿಗಿಟ್ಟು ಅದನ್ನೇ ಹಿಡಿಯಿರಿ.

5. ನೊಗದ ಜೋಡಿ: ‘ಯುಕ್ಸ್ತಾ’

ಯುಕ್ಸ್ತಾ ಎಂದರೆ ಪಕ್ಕದಲ್ಲಿ, ಮಗ್ಗುಲಲ್ಲಿ. ಇದೂ ಯುಂಗೆರೆ, ಯುಗುಮ್ ಕುಲದ್ದೇ. ಎರಡು ವಸ್ತುಗಳನ್ನು ಹೋಲಿಸಲೆಂದು ಮಗ್ಗುಲಲ್ಲಿಡುವುದು ‘ಜಕ್ಸ್ಟಪೋಸ್’. ಬರಿಯ ಸಾಮೀಪ್ಯಕ್ಕೆ ಈ ಪದ ಬೇಡ. ‘ನಮ್ಮ ಮನೆ ಶಾಲೆಗೆ ಜಕ್ಸ್ಟಪೋಸ್ ಆಗಿದೆ’ ಎಂಬುದು ತಪ್ಪು ಬಳಕೆ. ಇಡುವವರೊಬ್ಬರು ಇರಬೇಕು, ಇಟ್ಟದ್ದರಿಂದ ವೈದೃಶ್ಯವೋ ಸಾದೃಶ್ಯವೋ ಹೊಳೆಯಬೇಕು.

ಕುದುರೆ ಸವಾರರು ಎದುರುಬದುರಾಗಿ ಈಟಿ ಹಿಡಿದು ಕಾದುವ ‘ಜೌಸ್ಟ್’, ಹತ್ತಿರ ಸೇರುವುದು ಎಂಬ ಅರ್ಥದಿಂದ ಬೆಳೆದದ್ದು. ‘ಅಡ್ಜಸ್ಟ್’ ಕೂಡ ಅದ್ + ಯುಕ್ಸ್ತಾ: ಪಕ್ಕಕ್ಕೆ ತರು, ಜೋಡಿಸು. ಮುಂದೆ ನ್ಯಾಯ, ಸರಿ ಎಂಬ ಅರ್ಥದ ‘ಯುಸ್ತುಸ್’ ಜೊತೆ ಬೆರೆತು ‘ಸರಿಹೊಂದಿಸು’ ಎಂಬ ಅರ್ಥ ಬಲವಾಯಿತು. ಬಸ್ಸಿನ ಸೀಟಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದಾಗ ಎಲ್ಲರೂ ಒತ್ತೊತ್ತಾಗಿ ಸರಿದು ಕೂರುತ್ತಾರಲ್ಲ, ಅದು ಈ ಪದದ ಹಳೆಯ ಅರ್ಥಕ್ಕೆ ಎಷ್ಟು ನಿಷ್ಠವಾಗಿದೆ ನೋಡಿ.

6. ಕೇರಿ ಮತ್ತು ಗಡಿ

‘ವೀಕುಸ್’ ಎಂದರೆ ಹಳ್ಳಿ ಅಥವಾ ಊರಿನ ಕೇರಿ, ‘ವೀಕೀನುಸ್’ ನೆರೆಯವನು. ಸಂಸ್ಕೃತದ ‘ವಿಶ್’, ಅದರಿಂದಾದ ‘ವೈಶ್ಯ’ ಇದರ ಬಂಧುಗಳು. ಆದ್ದರಿಂದ ‘ವಿಸಿನಿಟಿ’ ಒಂದು ಪ್ರದೇಶ, ಸುತ್ತಮುತ್ತಲ ಜಾಗ. ಪ್ರಾಕ್ಸಿಮಿಟಿ ಎರಡು ವಸ್ತುಗಳ ನಡುವಿನ ಕಡಿಮೆ ಅಂತರ. ರೈಲು ನಿಲ್ದಾಣದ ವಿಸಿನಿಟಿಯಲ್ಲಿ ಓಡಾಡಬಹುದು, ಅದರ ಪ್ರಾಕ್ಸಿಮಿಟಿಯಲ್ಲಿ ಓಡಾಡಲಾಗದು. ಕಿವಿ ಹತ್ತಿರ ಬಂದೊಡನೆ ಪರದೆ ಆರಿಸುವ ಮೊಬೈಲ್ ಭಾಗಕ್ಕೆ ‘ಪ್ರಾಕ್ಸಿಮಿಟಿ ಸೆನ್ಸರ್’ ಎಂಬ ಹೆಸರು ಸರಿಯಾದದ್ದು. ಅದಕ್ಕೆ ಬೇಕಾದದ್ದು ಅಂತರ, ಆಸುಪಾಸಿನ ವಿವರವಲ್ಲ.

‘ಫೀನಿಸ್’ ಎಂದರೆ ಗಡಿ, ಕೊನೆ. ಗಡಿ ಕೂಡಿದವನು ‘ಅಫ್ಫೀನಿಸ್’. ಆ ಪದವೇ ಮದುವೆಯಿಂದಾದ ನಂಟಿಗೂ ನಿಂತಿತು. ಕಾನೂನಿನಲ್ಲಿ ‘ಅಫಿನಿಟಿ’ ಎಂದರೆ ಬೀಗತನದ ಸಂಬಂಧ, ‘ಕನ್ಸ್ಯಾಂಗ್ವಿನಿಟಿ’ ಎಂದರೆ ರಕ್ತಸಂಬಂಧ. ಒಂದರ ಜಾಗದಲ್ಲಿ ಇನ್ನೊಂದು ಬರೆಯಬೇಡಿ.

7. ಸುಳ್ಳು ನೆಂಟರನ್ನು ಹೊರಗಿಡಿ

ಅತಿ ಹೆಚ್ಚು ತಪ್ಪಾಗುವುದು ‘ಪ್ರಾಕ್ಸಿ’ಯಲ್ಲಿ. ಕಾಲೇಜಿನಲ್ಲಿ ಗೆಳೆಯನ ಪರವಾಗಿ ಹಾಜರಿ ಕೂಗುವ ಪ್ರಾಕ್ಸಿ, ಕಂಪನಿ ಸಭೆಯಲ್ಲಿ ಬದಲಿಗೆ ಮತ ಹಾಕುವ ಪ್ರಾಕ್ಸಿ, ಯಾವುದಕ್ಕೂ ಪ್ರೊಕ್ಸಿಮುಸ್ ಸಂಬಂಧವಿಲ್ಲ. ಅದು ‘ಪ್ರಾಕ್ಯುರಸಿ’ ಎಂಬ ಪದದ ಮೊಟಕು ರೂಪ. ಮೂಲ ‘ಪ್ರೋಕೂರಾರೆ’, ಇನ್ನೊಬ್ಬರ ಪರವಾಗಿ ನೋಡಿಕೊಳ್ಳು.

ಎರಡನೆಯದು ಇನ್ನೂ ನವಿರು. ‘ಅಪ್ಪ್ರೊಪಿಯಾರೆ’ ಹತ್ತಿರ ಬರು. ‘ಅಪ್ಪ್ರೊಪ್ರಿಯಾರೆ’ ಸ್ವಂತ ಮಾಡಿಕೊ. ಒಂದೇ ಒಂದು ರಕಾರದ ವ್ಯತ್ಯಾಸ. ಮೊದಲನೆಯದರಿಂದ ಅಪ್ರೋಚ್, ಎರಡನೆಯದರಿಂದ ‘ಅಪ್ರೋಪ್ರಿಯೇಟ್’. ಪ್ರಾಪರ್, ಪ್ರಾಪರ್ಟಿ ಕೂಡ ತನ್ನದು ಎಂಬ ಅರ್ಥದ ‘ಪ್ರೊಪ್ರಿಯುಸ್’ ಕಡೆಯವು.

‘ವಿಶಸ್’ ಪದಕ್ಕೆ ವೀಕುಸ್ ಜೊತೆ ನಂಟಿಲ್ಲ, ಅದು ದೋಷ ಎಂಬ ಅರ್ಥದ ‘ವಿತಿಯುಮ್’ನಿಂದ ಬಂದದ್ದು. ‘ವೈಸ್ ಪ್ರೆಸಿಡೆಂಟ್’ನ ವೈಸ್ ಇನ್ನೊಂದು ಬೇರೆ ಪದ, ಬದಲಿ ಎಂದರ್ಥ. ‘ರೀಪ್ರೋಚ್’ ಎಂಬುದನ್ನು ಅಪ್ರೋಚ್‌ನ ತಮ್ಮ ಎಂದು ಹಲವು ನಿಘಂಟುಗಳು ಹೇಳುತ್ತವೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ದಿನಬಳಕೆಯ ‘ಕ್ಲೋಸ್’ ಲ್ಯಾಟಿನ್ ಮೂಲದ್ದೇ ಹೌದು, ಆದರೆ ಅದರ ಮೂಲಾರ್ಥ ಮುಚ್ಚಿದ್ದು. ನಡುವಿನ ಸಂದು ಮುಚ್ಚಿದರೆ ಉಳಿಯುವುದು ಹತ್ತಿರ.

8. ವೃತ್ತಿಗೆ ತಕ್ಕ ಅರ್ಥ ಬರೆದುಕೊಳ್ಳಿ

ವಿಮೆ ಮತ್ತು ಕಾನೂನು: ‘ಪ್ರಾಕ್ಸಿಮೇಟ್ ಕಾಸ್’ ಎಂದರೆ ಕಾಲದಲ್ಲಿ ಕೊನೆಯದಾಗಿ ಬಂದ ಕಾರಣ ಎಂದು ಓದಿದರೆ ಕೇಸೇ ತಲೆಕೆಳಗು. ನಷ್ಟಕ್ಕೆ ನಿಜವಾಗಿ ದಾರಿಮಾಡಿದ, ಪ್ರಬಲವಾದ ಕಾರಣ ಅದು. 1915ರಲ್ಲಿ ‘ಇಕಾರಿಯಾ’ ಎಂಬ ಹಡಗಿಗೆ ಟಾರ್ಪೆಡೊ ಬಡಿಯಿತು. ಹೇಗೋ ಫ್ರಾನ್ಸಿನ ಲ ಹಾವ್ರ್ ಬಂದರು ಮುಟ್ಟಿತು. ಬಿರುಗಾಳಿ ಎದ್ದಾಗ, ಅದು ಅಲ್ಲೇ ಮುಳುಗಿದರೆ ಹಡಗು ನಿಲ್ಲುವ ಕಟ್ಟೆಗೆ ಅಡ್ಡಿಯಾದೀತೆಂದು ಬಂದರಿನವರು ಹೊರಗಿನ ತಡೆಗೋಡೆಯ ಬಳಿ ಕಳಿಸಿದರು. ಅಲ್ಲಿ ಸಮುದ್ರದ ಇಳಿತದಲ್ಲಿ ತಳ ನೆಲಕ್ಕೆ ಕೂತು, ಕೊನೆಗೆ ಮುಳುಗಿತು. ವಿಮೆಯಲ್ಲಿ ಯುದ್ಧಕೃತ್ಯದ ಪರಿಣಾಮಗಳನ್ನು ಹೊರಗಿಟ್ಟಿದ್ದರು. 1918ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಪ್ರಾಕ್ಸಿಮೇಟ್ ಕಾರಣ ಟಾರ್ಪೆಡೊ ಎಂದೇ ತೀರ್ಪು ಕೊಟ್ಟಿತು. ಗಾಳಿ, ಇಳಿತ ಕಾಲದಲ್ಲಿ ಹತ್ತಿರವಿದ್ದರೂ ಪರಿಣಾಮದಲ್ಲಿ ಹತ್ತಿರವಿದ್ದದ್ದು ಟಾರ್ಪೆಡೊ. ಹಡಗಿನ ಮಾಲೀಕರಿಗೆ ಹಣ ಸಿಗಲಿಲ್ಲ.

ದತ್ತಿ ಕಾನೂನು: ದಾನಿ ಹೇಳಿದ ಉದ್ದೇಶ ಈಡೇರಿಸಲು ಅಸಾಧ್ಯವಾದಾಗ ಅದಕ್ಕೆ ಅತಿ ಸಮೀಪದ ಇನ್ನೊಂದು ಉದ್ದೇಶಕ್ಕೆ ಹಣ ಬಳಸಲು ನ್ಯಾಯಾಲಯ ಒಪ್ಪುವ ತತ್ವಕ್ಕೆ ‘ಸೀ ಪ್ರೇ’ ಎನ್ನುತ್ತಾರೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂನಲ್ಲಿ ಇದಕ್ಕೆ ಅವಕಾಶವಿದೆ. ಫ್ರೆಂಚಿನ ‘ಪ್ರೇ’ ಪದದ ಮೂಲ ಪ್ರೊಪೆ ಅಲ್ಲ, ಒತ್ತಿದ್ದು ಎಂಬ ಅರ್ಥದ ‘ಪ್ರೆಸ್ಸುಸ್’.

ವೈದ್ಯಕೀಯ: ‘ಪ್ರಾಕ್ಸಿಮಲ್’ ಎಂದರೆ ಅಂಗ ಮುಂಡಕ್ಕೆ ಸೇರುವ ಕಡೆಗೆ ಹತ್ತಿರ, ‘ಡಿಸ್ಟಲ್’ ಎಂದರೆ ಅದರಿಂದ ದೂರ. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಬೆರಳಿನ ಮೂರು ಮೂಳೆಗಳು ಪ್ರಾಕ್ಸಿಮಲ್, ಮಿಡಲ್, ಡಿಸ್ಟಲ್. ಹೆಬ್ಬೆರಳಿಗೆ ಮಿಡಲ್ ಇಲ್ಲ. ಹತ್ತಿರ ಎಂದಾಗ ‘ಯಾವುದಕ್ಕೆ ಹತ್ತಿರ’ ಎಂಬುದು ಮೊದಲೇ ಗೊತ್ತಾಗಿರಬೇಕು. ಹಲ್ಲಿನ ವೈದ್ಯದಲ್ಲಿ ಇದೇ ಪದ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಪ್ರಾಕ್ಸಿಮಲ್ ಮೈ ಎಂದರೆ ಪಕ್ಕದ ಹಲ್ಲಿಗೆ ಎದುರಾದ ಮೈ. ಅದರಲ್ಲಿ ದವಡೆಯ ನಡುಗೆರೆಯ ಕಡೆಯದು ‘ಮೀಸಿಯಲ್’, ಹಿಂದಿನ ಕಡೆಯದು ‘ಡಿಸ್ಟಲ್’. ಅಂದರೆ ಡಿಸ್ಟಲ್ ಮೈಯೂ ಪ್ರಾಕ್ಸಿಮಲ್ ಮೈಗಳಲ್ಲಿ ಒಂದು! ಇವೆರಡನ್ನು ವಿರುದ್ಧಪದಗಳೆಂದು ಕಲಿತ ವಿದ್ಯಾರ್ಥಿಗಳು ಇಲ್ಲಿ ದಿಕ್ಕು ತಪ್ಪುತ್ತಾರೆ.

9. ವಾಕ್ಯದಲ್ಲಿ ಜೋಡಿಸುವಾಗ

‘ಮ್ಯಾನೇಜರಿಗೆ ಅಪ್ರೋಚ್ ಆದೆ’ ಎಂದು ಕನ್ನಡದಲ್ಲಿ ಚತುರ್ಥಿ ಬಳಸುವ ರೂಢಿಯಿಂದ ಇಂಗ್ಲಿಷಿನಲ್ಲೂ ‘ಟು’ ಹಾಕಿಬಿಡುತ್ತೇವೆ. ಕ್ರಿಯಾಪದವಾದಾಗ ಅಪ್ರೋಚ್‌ಗೆ ‘ಟು’ ಬೇಡ. ‘ಕಡೆಗೆ’ ಎಂಬುದು ಅದರ ತಲೆಯಲ್ಲೇ ‘ಅದ್’ ಆಗಿ ಕೂತಿದೆ ಎಂದು ನೆನಪಿಟ್ಟುಕೊಳ್ಳಿ. ನಾಮಪದವಾದಾಗ ‘ಟು’ ಬೇಕು. ಈ ಗುಟ್ಟನ್ನು ಎಲ್ಲ ಪದಗಳಿಗೂ ಹಚ್ಚಬೇಡಿ: ಅಡ್ಜಸೆಂಟ್‌ನಲ್ಲಿ ಅದ್ ಇದ್ದರೂ ‘ಟು’ ಬರುತ್ತದೆ. ಪ್ರಾಕ್ಸಿಮಿಟಿಗೂ ‘ಟು’. ಕಂಟಿಗ್ಯುಅಸ್‌ಗೆ ‘ವಿತ್’ ಅಥವಾ ‘ಟು’. ವಿಸಿನಿಟಿಗೆ ‘ಆಫ್’. ‘ಕ್ಲೋಸ್ ಪ್ರಾಕ್ಸಿಮಿಟಿ’ ಎಂಬುದು ಎಲ್ಲೆಡೆ ಓಡಾಡುತ್ತಿದೆ, ವ್ಯಾಕರಣದ ತಪ್ಪೇನಲ್ಲ. ಆದರೆ ಹತ್ತಿರದ ಹತ್ತಿರ ಎಂದು ಎರಡು ಸಲ ಹೇಳಿದಂತಾಗುತ್ತದೆ. ಪರೀಕ್ಷೆಯಲ್ಲಿ, ಕರಾರು ಪತ್ರದಲ್ಲಿ ‘ಕ್ಲೋಸ್’ ತೆಗೆದುಹಾಕಿ, ಅಂತರ ಮುಖ್ಯವಾದಲ್ಲಿ ಎಷ್ಟು ಮೀಟರ್ ಎಂದು ಬರೆಯಿರಿ.